ಬೇರು, ಎಲೆ ಮತ್ತು ಬೇಸರ

ಬೇಸರವಿಲ್ಲದ ಮನುಷ್ಯನುಂಟೆ? ಪರೀಕ್ಷೆ ಸಮೀಪಿಸಿದಾಗ, ಊರಿನಿಂದ ಬರಬೇಕಾದ ಹಣ ತಡವಾದಾಗ, ನಮ್ಮಲ್ಲಿ ಯಾರಿಗೆ ಬೇಸರವಾಗದು? ಒಂದು ಲೋಟ ಕಾಫಿ, ಗೆಳೆಯನೊಬ್ಬನ ಹರಟೆ, ಇವುಗಳ ಮುಂದೆ ಅದು ನಿಲ್ಲಲಾರದು. ನಾನು ಹೇಳಹೊರಟಿರುವುದು ಆ ಬೇಸರದ ಮಾತಲ್ಲ. ವಾರಗಟ್ಟಲೆ ಕದಲದೆ ಕುಳಿತು ಊಟ, ನಿದ್ದೆ, ಓದು ಮೂರನ್ನೂ ಕಸಿದುಕೊಳ್ಳುವ ಖಿನ್ನತೆಯ ಮಾತು.

ಕಳೆದ ವರ್ಷ ನಮ್ಮ ವಿದ್ಯಾರ್ಥಿನಿಲಯದ ಮಿತ್ರನೊಬ್ಬನಿಗೆ ಅದು ಬಂದಿತು. ಒಡನೆಯೇ ಸಾಲಿನ ಕೋಣೆಕೋಣೆಯಲ್ಲಿಯೂ ಪಂಡಿತರು ಹುಟ್ಟಿಕೊಂಡರು. ಒಬ್ಬನು ಅಶ್ವಗಂಧದ ಚೂರ್ಣ ತಂದ. ಮತ್ತೊಬ್ಬನು ಮೀನೆಣ್ಣೆಯ ಗುಳಿಗೆ. ಇನ್ನೊಬ್ಬನು, ವಿದೇಶದಲ್ಲಿರುವ ಅಣ್ಣನಿಂದ ತರಿಸಿದ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯ ಡಬ್ಬಿ. ಸರ್ಕಾರಿ ಆಸ್ಪತ್ರೆಯ ವೈದ್ಯರು ಕೊಟ್ಟ ಮಾತ್ರೆಯನ್ನು ಕುರಿತು, "ಅದು ರಾಸಾಯನಿಕ, ಇದು ಪ್ರಕೃತಿ, ಅದನ್ನು ಬಿಟ್ಟು ಇದನ್ನು ಹಿಡಿ" ಎಂದು ತೀರ್ಪಾಯಿತು. ಮಿತ್ರನು ನನ್ನ ಮುಖ ನೋಡಿದ. ನಾನು ಗ್ರಂಥಾಲಯದ ದಾರಿ ಹಿಡಿದೆ.

ಪ್ರಕೃತಿ ಎಂದರೆ ಸಾಧು ಎಂದೇ ಅರ್ಥವೆ? ನಮ್ಮ ಸರ್ಪಗಂಧವನ್ನೇ ನೋಡಿ. 1952ರಲ್ಲಿ ಅದರ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಅದು ರಕ್ತದೊತ್ತಡವನ್ನು ಇಳಿಸಿತು. ಆದರೆ ಸೇವಿಸಿದವರಲ್ಲಿ ಕೆಲವರ ಮನಸ್ಸೂ ಕುಗ್ಗಿತೆಂದು ಆ ದಶಕದ ವೈದ್ಯರು ಬರೆದರು. ಬೇರಿಗೆ ಬಲವುಂಟು, ಬಲವುಳ್ಳದ್ದಕ್ಕೆ ಅಪಾಯವೂ ಉಂಟು.

ಸೇಂಟ್ ಜಾನ್ಸ್ ವರ್ಟ್ ನಿಜಕ್ಕೂ ಬಲವುಳ್ಳದ್ದು. 2008ರ ಸಮೀಕ್ಷೆಯೊಂದು 29 ಪ್ರಯೋಗಗಳನ್ನು, 5,489 ರೋಗಿಗಳನ್ನು ಪರಿಶೀಲಿಸಿ, ಅದು ಸಾಮಾನ್ಯ ಖಿನ್ನತೆಯ ಮಾತ್ರೆಗಳಿಗೆ ಸರಿಸಮ ಎಂದಿತು. ಆದರೆ ಆ ಮಾತ್ರೆಗಳ ಜೊತೆಯಲ್ಲಿ ನುಂಗಿದರೆ ಮಿದುಳಿನಲ್ಲಿ ಸೆರೊಟೋನಿನ್ ಮಿತಿಮೀರಿ ನಡುಕ, ಜ್ವರ, ಗಲಿಬಿಲಿ ಉಂಟಾಗಬಹುದು, ಪ್ರಾಣಕ್ಕೂ ಸಂಚಕಾರ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ನಿನ ಗುಣವನ್ನೂ ಅದು ಕುಂದಿಸುತ್ತದೆ. ಅಶ್ವಗಂಧದಿಂದ ಕೆಲವರಿಗೆ ಯಕೃತ್ತು ಕೆಟ್ಟ ವರದಿಗಳಿವೆ. 2023ರಲ್ಲಿ ಡೆನ್ಮಾರ್ಕ್ ಅದನ್ನು ನಿಷೇಧಿಸಿತು. ಡಿ ಜೀವಸತ್ವದ ಕಥೆ ಬೇರೆ: 18,353 ಜನರಿಗೆ ಸುಮಾರು ಐದು ವರ್ಷ ಕೊಟ್ಟು ನೋಡಿದ ಪ್ರಯೋಗದ ಫಲ 2020ರಲ್ಲಿ ಪ್ರಕಟವಾಯಿತು. ಖಿನ್ನತೆಯನ್ನು ಅದು ತಡೆಯಲಿಲ್ಲ.

ಹಾಗೆಂದು ಅಜ್ಜಿಯ ಒಂದೆಲಗದ ತಂಬುಳಿಯನ್ನು ನಾನು ಬಿಟ್ಟೇನೆ? ಎಂದಿಗೂ ಇಲ್ಲ. ಬಿಸಿ ಅನ್ನಕ್ಕೆ ಅದಕ್ಕಿಂತ ಜೊತೆ ಯಾವುದು? ಆದರೆ ಅದು ಊಟ, ಔಷಧವಲ್ಲ. ಊಟ ಸೊಗಸಾಗಿದ್ದರೆ ಸಾಕು. ಔಷಧಕ್ಕೆ ಪ್ರಮಾಣ ಬೇಕು, ಪರೀಕ್ಷೆ ಬೇಕು, ತಿಳಿದವರ ಕಣ್ಣು ಬೇಕು.

ಇದೆಲ್ಲವನ್ನೂ ಮಿತ್ರನಿಗೆ ಓದಿ ಹೇಳಿದೆ. ಡಬ್ಬಿ, ಚೂರ್ಣ, ಗುಳಿಗೆಗಳನ್ನು ಚೀಲಕ್ಕೆ ತುಂಬಿಕೊಂಡು ಇಬ್ಬರೂ ವೈದ್ಯರ ಬಳಿಗೆ ಹೋದೆವು. ಅವರು ನಗಲಿಲ್ಲ, ಗದರಿಸಲಿಲ್ಲ. ಒಂದೊಂದನ್ನೂ ತಿರುಗಿಸಿ ನೋಡಿ, ಮೀನೆಣ್ಣೆಯನ್ನು ಮಾತ್ರ "ಇರಲಿ" ಎಂದರು. ಮಾತ್ರೆ ಫಲಕೊಡಲು ವಾರಗಳೇ ಬೇಕು, ನಡುವೆ ಬಿಡಕೂಡದು ಎಂದರು. ಆ ವಾರಗಳು ಸುಲಭವಾಗಿರಲಿಲ್ಲ; ದಿನವೂ ಸಂಜೆ ಅವನನ್ನು ಎಬ್ಬಿಸಿಕೊಂಡು ಕೆರೆಯ ಏರಿಯವರೆಗೆ ನಡೆಯುತ್ತಿದ್ದೆ. ಎಷ್ಟೋ ದಿನ ಅವನು ಒಂದು ಮಾತನ್ನೂ ಆಡುತ್ತಿರಲಿಲ್ಲ. ಎರಡನೆಯ ತಿಂಗಳಲ್ಲಿ ಒಂದು ದಿನ, "ಇವತ್ತು ಸಾರು ಬಹಳ ಉಪ್ಪು" ಎಂದು ತಾನಾಗಿಯೇ ದೂರಿದ. ಅಷ್ಟು ಇಂಪಾದ ದೂರನ್ನು ನಾನು ಕೇಳಿಲ್ಲ.

ಮಿತ್ರರೇ, ಪಕ್ಕದ ಕೋಣೆಯವನು ಬಾಗಿಲು ತೆರೆಯದಿದ್ದರೆ ಡಬ್ಬಿ ಹಿಡಿದು ಹೋಗಬೇಡಿ. ಜೊತೆಗೆ ಕುಳಿತುಕೊಳ್ಳಲು ಹೋಗಿ. ಆಸ್ಪತ್ರೆಗೆ ಹೋಗಲು ಅವನು ಸಂಕೋಚಪಟ್ಟರೆ 14416 ಎಂಬ ಸಂಖ್ಯೆಯುಂಟು. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯದು. ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ.