ಪೊಡಿ ಮೀನಿನ ಪಾಂಡಿತ್ಯ

ಕಲಾವಿಭಾಗದಲ್ಲಿ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಮೀನಿನ ಉಸಾಬರಿ ಏಕೆಂದು ಮಿತ್ರರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಉಡುಪಿಯ ಕಡೆಯವರಾದ ನಮಗೆ ಮೀನೆಂದರೆ ಮಲ್ಪೆಯಿಂದ ಬರುವ ಬಂಗುಡೆ, ಬೂತಾಯಿ, ಅಂಜಲ್. ಇವುಗಳ ಹೆಸರು ತಿಳಿಯದ ಮಗುವೂ ನಮ್ಮಲ್ಲಿಲ್ಲ. ಆದರೆ ಹೆಬ್ರಿಯ ಕಡೆ, ಘಟ್ಟದ ಬುಡದಲ್ಲಿ ಹರಿದು ಸೀತಾನದಿಯನ್ನು ಸೇರುವ ನಮ್ಮೂರ ತೋಡಿನಲ್ಲಿ ಬೆರಳುದ್ದದ ಮೀನುಗಳು ನೂರಾರು ಇವೆ. ಅವೆಲ್ಲಕ್ಕೂ ನಮ್ಮ ಮನೆಯ ತುಳುವಿನಲ್ಲಿ ಒಂದೇ ಹೆಸರು: ಪೊಡಿ ಮೀನ್. ಎಂದರೆ ಪುಡಿ ಮೀನು! ಈ ಪುಡಿಯನ್ನು ಬಿಡಿಸಿ ನೋಡಬೇಕೆಂಬ ಹಂಬಲ ನನಗೆ ಹತ್ತಿತು.

ಸಾಮಗ್ರಿ ಹೆಚ್ಚೇನೂ ಬೇಡ. ಹಿಡಿಯಲು ಒಂದು ಬೈರಾಸು, ನೋಡಲು ಚಪ್ಪಟೆ ಗೋಡೆಯ ಒಂದು ಗಾಜಿನ ಪಾತ್ರೆ. ದುಂಡು ಬಾಟಲಿ ಆಗದು; ಅದರಲ್ಲಿ ಸಣ್ಣ ಮೀನೂ ಕುಂಭಕರ್ಣನಂತೆ ಕಾಣುತ್ತದೆ. ಪಕ್ಕದಿಂದ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು, ಮೀನನ್ನು ಹಿಡಿದ ಗುಂಡಿಗೇ ಬಿಟ್ಟರಾಯಿತು. ಆಮೇಲೆ ಮನೆಯಲ್ಲಿ ಕುಳಿತು ಬಾಯಿ ಯಾವ ಕಡೆಗಿದೆ, ಮೀಸೆ ಎಷ್ಟು, ಪಕ್ಕದ ಗೆರೆಯ ಮೇಲೆ ಹುರುಪೆ ಎಷ್ಟು ಎಂದು ಎಣಿಸುವ ಕೆಲಸ.

ಬಣ್ಣವೊಂದನ್ನೇ ನಂಬುವಂತಿಲ್ಲ. ಬಾಲದ ಬಳಿ ಕಪ್ಪು ಬೊಟ್ಟಿರುವ ಡಾಕಿನ್ಸಿಯಾ ಫಿಲಮೆಂಟೋಸಾ ಎಂಬ ಮೀನು ಮರಿಯಾಗಿರುವಾಗ ಮೈಮೇಲೆ ಕಪ್ಪು ಪಟ್ಟೆ ಹೊತ್ತಿರುತ್ತದೆ; ಬೆಳೆದಂತೆ ಪಟ್ಟೆ ಅಳಿದು ಬೊಟ್ಟು ಉಳಿಯುತ್ತದೆ. ಪ್ರಾಯದ ಗಂಡಿಗೆ ಬೆನ್ನಿನ ಈಜುರೆಕ್ಕೆಯಿಂದ ಎಳೆಗಳು ಹೊರಡುತ್ತವೆ. ಒಂದೇ ಮೀನಿಗೆ ಮೂರು ವೇಷ! ಇದರ ದಾಯಾದಿ ಅಸಿಮಿಲಿಸ್ ನೋಡಲು ಹೆಚ್ಚುಕಡಮೆ ಹೀಗೆಯೇ ಇದ್ದರೂ ಅದಕ್ಕೆ ಒಂದು ಜೊತೆ ಪುಟ್ಟ ಮೀಸೆಯುಂಟು. ಕೆಂಪು ಮೈಗೆ ಕಪ್ಪು ಅಡ್ಡಪಟ್ಟೆ ಇರುವುದು ಹಲುದಾರಿಯಾ. ತುಟಿಯ ಕೆಳಗಿನ ಬಿಲ್ಲೆಯಿಂದ ಬಂಡೆಗೆ ಅಂಟಿಕೊಂಡು ಸೆಳವಿಗೆ ಜಗ್ಗದಿರುವುದು ಗಾರಾ.

ಹೆಸರುಗಳ ಹಿಂದೆ ಹೋದಾಗ ನನ್ನ ಪಾಠದ ಇತಿಹಾಸವೇ ಎದುರಾಯಿತು. 1849ರಲ್ಲಿ ದಕ್ಷಿಣ ಭಾರತದ ಸಿಹಿನೀರಿನ ಮೀನುಗಳನ್ನು ಕುರಿತು ಬರೆದ ವೈದ್ಯ ಟಿ. ಸಿ. ಜೆರ್ಡನ್, ಮೈಯಲ್ಲಿ ಎರಡು ಸಾಲು ಚುಕ್ಕಿಯಿರುವ ಒಂದು ಮೀನಿಗೆ ಕೆನರೆನ್ಸಿಸ್ ಎಂದು ನಮ್ಮ ಹಳೆಯ ಕೆನರಾ ಜಿಲ್ಲೆಯ ಹೆಸರನ್ನೇ ಇಟ್ಟರು. 2012ರಲ್ಲಿ ಜೀವಶಾಸ್ತ್ರಜ್ಞ ರಿಚರ್ಡ್ ಡಾಕಿನ್ಸ್ ಅವರ ಹೆಸರಿನಿಂದ ಡಾಕಿನ್ಸಿಯಾ ಬಂತು. ಮರುವರ್ಷ ಬಂದ ಹಲುದಾರಿಯಾ ಎಂಬ ಹೆಸರು ನನಗೆ ಇವೆಲ್ಲಕ್ಕಿಂತ ಪ್ರಿಯ. 1801ರಲ್ಲಿ ಕೆನರಾವನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥವನ್ನು ಪ್ರಕಟಿಸಿದರು. ಅವರಿಗೆ ಮೀನಿನ ಚಿತ್ರ ಬರೆದುಕೊಟ್ಟವನು ಹಲುದಾರ್ ಎಂಬ ಬಂಗಾಳಿ ತರುಣ. ಗ್ರಂಥದ ಕೀರ್ತಿ ದೊರೆಗೆ ಹೋಯಿತು. ಚಿತ್ರಗಾರನ ಹೆಸರು ಒಂದು ಮೀನಿನ ಕುಲಕ್ಕೆ ಸಲ್ಲಲು ಸುಮಾರು ಇನ್ನೂರು ವರ್ಷ ಬೇಕಾಯಿತು. ಇನ್ನು ಆ ಮೀನುಗಳನ್ನು ನೀರಿಗಿಳಿದು ಹಿಡಿದುಕೊಟ್ಟ ಬೆಸ್ತರ ಹೆಸರನ್ನು ಕೇಳುವವರು ಯಾರು?

ಈ ಪ್ರಶ್ನೆ ನನ್ನನ್ನು ನಮ್ಮಪ್ಪನ ಬಳಿಗೆ ತಂದಿತು. ನಮ್ಮ ಮನೆಯಲ್ಲಿ ಪದವಿ ಪರೀಕ್ಷೆಗೆ ಕೂರುವವನು ನಾನೇ ಮೊದಲಿಗ. ಅಪ್ಪನ ಓದು ಮೂರನೆಯ ತರಗತಿಗೆ ಮುಗಿದದ್ದು. ಅವರಿಗೆ ಹುರುಪೆಯ ಲೆಕ್ಕ ಬೇಡ. “ಅಲ್ಲಿ ನೀರು ಓಡುತ್ತದೆ ಮಗಾ, ಬಂಡೆಗೆ ಅಂಟುವುದು ಸಿಗುತ್ತದೆ. ಬೊಟ್ಟಿನದು ಬೇಕಾದರೆ ಮರದ ನೆರಳಿನ ಗುಂಡಿಗೆ ಹೋಗು,” ಎನ್ನುತ್ತಾರೆ. ಹೋದರೆ ಹಾಗೆಯೇ ಇರುತ್ತದೆ. ಗ್ರಂಥವು ಸ್ಪಿರಿಟ್ಟಿನಲ್ಲಿ ಬಣ್ಣಗೆಟ್ಟ ಮೀನನ್ನು ಬಲ್ಲದು. ಅಪ್ಪ ನೀರಿನಲ್ಲಿರುವ ಮೀನನ್ನು ಬಲ್ಲರು. ಅವರು ಮೀನನ್ನು ಗುರುತಿಸುವುದು ಹೆಸರಿನಿಂದಲ್ಲ, ವಿಳಾಸದಿಂದ.

ಆದರೆ ಹೆಸರಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಕಳೆದ ಬೇಸಗೆಯಲ್ಲಿ ಕಂಡೆ. ತೋಡು ಬತ್ತಿ ಗುಂಡಿಗಳಷ್ಟೇ ಉಳಿದಿದ್ದಾಗ ಯಾರೋ ಒಂದು ಗುಂಡಿಗೆ ತೋಟೆ ಹಾಕಿದರು. ದೊಡ್ಡ ಮೀನುಗಳನ್ನು ಒಯ್ದರು. ಸಣ್ಣವು ಹೊಟ್ಟೆ ಮೇಲಾಗಿ ಬೆಳ್ಳಗೆ ತೇಲುತ್ತಿದ್ದವು. ಎಷ್ಟು ಮೀನು ಹೋಯಿತೆಂದು ದಾರಿಯಲ್ಲಿ ಸಿಕ್ಕವರನ್ನು ಕೇಳಿದೆ. “ನಾಲ್ಕೋ ಐದೋ,” ಎಂದರು. ತೇಲುತ್ತಿದ್ದವು ಲೆಕ್ಕಕ್ಕೆ ಬರಲಿಲ್ಲ. ಶೃಂಗೇರಿಯ ತುಂಗೆಯಲ್ಲಿ ದೊಡ್ಡ ಮೀನುಗಳನ್ನು ದೇವರ ಮೀನೆಂದು ಕಾಯುತ್ತಾರೆ. ಅಲ್ಲಿ ಭಕ್ತಿಯೇ ಕಾವಲು. ಪುಡಿಗೆ ಯಾವ ದೇವರು? ಪುಡಿ ಎಂದ ಮೇಲೆ ಒಂದು ಹಿಡಿ ಹೋದರೂ ಪುಡಿಯೇ, ಒಂದು ಕುಲವೇ ಹೋದರೂ ಪುಡಿಯೇ.

2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಗ್ರಾಮ ಪಂಚಾಯತಿನಲ್ಲಿಯೂ ಆ ಊರಿನ ಗಿಡಮರ, ಪ್ರಾಣಿಪಕ್ಷಿಗಳ ದಾಖಲೆ ಪುಸ್ತಕವೊಂದು ಇರಬೇಕು. ನನ್ನ ನೋಟುಪುಸ್ತಕದಲ್ಲಿ ಈಗ ಒಂಬತ್ತು ಮೀನುಗಳಿವೆ. ಒಂದು ಅಂಕಣದಲ್ಲಿ ಗ್ರಂಥದ ಹೆಸರು, ಪಕ್ಕದಲ್ಲಿ ಅಪ್ಪ ಹೇಳಿದ ವಿಳಾಸ. ಪರೀಕ್ಷೆ ಮುಗಿದೊಡನೆ ಅದನ್ನು ನಮ್ಮ ಪಂಚಾಯತಿಗೆ ಒಪ್ಪಿಸುವವನಿದ್ದೇನೆ. ಹೇಳಿದವರ ಹೆಸರಿನ ಅಂಕಣದಲ್ಲಿ ಅಪ್ಪನ ಹೆಸರಿರುತ್ತದೆ. ಘಟ್ಟದ ಬುಡದಿಂದ ಬರುವ ಸಹಪಾಠಿಗಳು ನಮ್ಮ ಕಾಲೇಜಿನಲ್ಲಿ ಹಲವರಿದ್ದಾರೆ. ಅವರ ಊರಿನಲ್ಲೂ ತೋಡಿದೆ, ಅವರ ಮನೆಯಲ್ಲೂ ಬೈರಾಸಿದೆ, ಕೇಳಿದರೆ ಹೇಳುವ ಹಿರಿಯರೂ ಇದ್ದಾರೆ. ರಜೆಯಂತೂ ಬಂದೇ ಬರುತ್ತದೆ.