ಮಣಿಪಾಲದ ಗುಡ್ಡದಲ್ಲಿ ಪರಿಚಯದ ಪಾಠ

ಸಹೋದರಿಯರೇ, ಉಡುಪಿಗೆ ಹೋದಾಗ ಬಿಡುವು ಮಾಡಿಕೊಂಡು ಮಣಿಪಾಲದ ಬಸ್ಸು ಹತ್ತಿ. ಐದಾರು ಕಿಲೋಮೀಟರ್ ಸಾಗಿ ಗುಡ್ಡ ಏರಿದರೆ ಟೈಗರ್ ಸರ್ಕಲ್. ‘ಮಣ್ಣಪಳ್ಳ’ ಎಂಬ ಕೆರೆಯಿಂದಲೇ ಊರಿಗೆ ಈ ಹೆಸರು ಬಂತೆನ್ನುತ್ತಾರೆ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಇಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದರು. 1997ರಲ್ಲಿ ಮೆಲಾಕ ಮಣಿಪಾಲ ಮೆಡಿಕಲ್ ಕಾಲೇಜು ಶುರುವಾದ ಬಳಿಕ ಹಲವು ವರ್ಷ ಮಲೇಷ್ಯಾದ ವಿದ್ಯಾರ್ಥಿಗಳು ಇಲ್ಲಿ ಅರ್ಧ ಓದಿ, ಉಳಿದರ್ಧ ತಮ್ಮ ದೇಶದಲ್ಲಿ ಮುಗಿಸುತ್ತಿದ್ದರು.

ಎಂಡ್ ಪಾಯಿಂಟ್‌ನಲ್ಲಿ ನಿಂತು ಕೆಳಗೆ ಹರಿಯುವ ಸ್ವರ್ಣಾ ನದಿಯನ್ನು ಖಂಡಿತ ನೋಡಿ. ಆದರೆ ಆಸ್ಪತ್ರೆಯ ಬಾಗಿಲಲ್ಲೂ ಸ್ವಲ್ಪ ಹೊತ್ತು ನಿಲ್ಲಿ. ತುಳು, ಕೊಂಕಣಿ, ಬ್ಯಾರಿ, ಬಯಲುಸೀಮೆಯ ಕನ್ನಡ, ಎಲ್ಲವೂ ಕಿವಿಗೆ ಬೀಳುತ್ತವೆ. ಒಳಗೆ ಕಲಿಯುತ್ತಿರುವ ಹುಡುಗಿ ದೂರದ ದಿಲ್ಲಿಯವಳೋ ಕೋಲ್ಕತಾದವಳೋ ಆಗಿರಬಹುದು.

ಈಗ ಒಂದು ಚೀಟಿಯನ್ನು ಕಲ್ಪಿಸಿಕೊಳ್ಳಿ. ‘ದಿನಕ್ಕೆ ಮೂರು ಬಾರಿ, ಊಟದ ನಂತರ’ ಎಂದು ವೈದ್ಯೆ ಬರೆದಿದ್ದಾಳೆ. ರಮಝಾನಿನಲ್ಲಿ ಸಕ್ಕರೆ ಕಾಯಿಲೆಯ ನಮ್ಮ ಅಜ್ಜಿಗೆ ಊಟವೆಂದರೆ ಸಹರಿ ಮತ್ತು ಇಫ್ತಾರ್. ಕಾರ್ಕಳದ ಜೈನ ಅಜ್ಜಿ ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ. ಔಷಧಿ ಒಂದೇ, ಚೀಟಿ ಒಂದೇ. ಗಡಿಯಾರ ಮಾತ್ರ ಬೇರೆ. ವೈದ್ಯೆ ಕೇಳದಿದ್ದರೆ ಅಜ್ಜಿ ಹೇಳುವುದಿಲ್ಲ. ಮಾತ್ರೆ ತಪ್ಪುತ್ತದೆ, ಇಲ್ಲವೇ ಬರಿ ಹೊಟ್ಟೆಗೆ ಬೀಳುತ್ತದೆ. ಎರಡೂ ಅಪಾಯ.

ಹಾಗಾಗಿಯೇ 2019ರಿಂದ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮದಲ್ಲಿ ಸ್ಥಳೀಯ ಭಾಷೆಯ ಕಲಿಕೆ ಮತ್ತು ರೋಗಿಯೊಡನೆ ನಡೆದುಕೊಳ್ಳುವ, ಮಾತನಾಡುವ ರೀತಿಯ ಪಾಠಗಳಿವೆ. ಆದರೆ ಇದು ತರಗತಿಯಲ್ಲಿ ಮುಗಿಯುವ ಪಾಠವಲ್ಲ. ಹಾಸ್ಟೆಲಿನ ಕೋಣೆಯಲ್ಲಿ, ಮೆಸ್ಸಿನ ಮೇಜಿನಲ್ಲಿ ಅದು ದಿನವೂ ನಡೆಯಬೇಕು. ಇಂಜಿನಿಯರಿಗೂ, ಶಿಕ್ಷಕಿಗೂ, ಬ್ಯಾಂಕಿನವರಿಗೂ ಅದು ಬೇಕು.

ಜನಾಂಗಗಳನ್ನೂ ಗೋತ್ರಗಳನ್ನೂ ಮಾಡಿರುವುದು ಪರಸ್ಪರ ಗುರುತಿಸಿಕೊಳ್ಳಲಿಕ್ಕಾಗಿ ಎಂದು ಸೂರಃ ಅಲ್ ಹುಜುರಾತ್‌ನ 13ನೆಯ ವಚನ ನಮಗೆ ತಿಳಿಸುತ್ತದೆ. ಪ್ರವಾದಿಯವರ(ಸ) ಅಪ್ಪಣೆಯಂತೆ ಝೈದ್ ಬಿನ್ ಸಾಬಿತ್(ರ) ಯಹೂದಿಯರ ಬರಹವನ್ನು ಅರ್ಧ ತಿಂಗಳಲ್ಲಿ ಕಲಿತರೆಂದು ಹದೀಸಿನಲ್ಲಿದೆ. ಕಲಿತದ್ದರಿಂದ ಅವರ ಈಮಾನ್ ಸಡಿಲವಾಗಲಿಲ್ಲ. ಮುಂದೆ ಕುರ್‌ಆನನ್ನು ಗ್ರಂಥರೂಪದಲ್ಲಿ ಸಂಗ್ರಹಿಸುವ ಹೊಣೆ ಅದೇ ಝೈದರ ಹೆಗಲಿಗೆ ಬಂತು.

‘ಹೊರಗೆ ಕಳಿಸಿದರೆ ಮಗಳು ನಮ್ಮವಳಾಗಿ ಉಳಿದಾಳೇ?’ ಎಂಬ ತಾಯಂದಿರ ಅಂಜಿಕೆ ಸಹಜ. ತನ್ನ ನಮಾಝ್, ತನ್ನ ಉಪವಾಸ ಏಕೆಂದು ಬಲ್ಲ ಹುಡುಗಿ ಗೆಳತಿಯ ಏಕಾದಶಿಯ ಬಗ್ಗೆ ಅಳುಕಿಲ್ಲದೆ ಕೇಳಬಲ್ಲಳು. ಕೇಳಿದವರಿಗೆ ತನ್ನದನ್ನೂ ವಿವರಿಸಬಲ್ಲಳು. ಏನೂ ತಿಳಿಯದವಳಷ್ಟೇ ನಾಚಿ ಅಡಗುತ್ತಾಳೆ, ಇಲ್ಲವೇ ಇತರರನ್ನು ಕಂಡು ನಗುತ್ತಾಳೆ.

ಅದಕ್ಕೆ ಸಿದ್ಧತೆ ಮನೆಯಲ್ಲೇ ಆಗಬೇಕು. ನೆರೆಮನೆಯವರ ಹಬ್ಬದ ಹೆಸರು ಮಕ್ಕಳಿಗೆ ಗೊತ್ತಿದೆಯೇ? ಪಕ್ಕದ ಮನೆಯ ಅಜ್ಜಿಯ ಭಾಷೆಯಲ್ಲಿ ನಾಲ್ಕು ಮಾತು ಆಡಬಲ್ಲರೇ? ಇಂದೇ ಕೇಳಿ ನೋಡಿ. ನಮ್ಮ ಹೆಣ್ಣುಮಕ್ಕಳು ಚೀಟಿ ಬರೆಯುವ ಮೊದಲು ‘ಅಮ್ಮಾ, ನೀವು ಊಟ ಮಾಡುವುದು ಯಾವಾಗ?’ ಎಂದು ಕೇಳುವ ವೈದ್ಯೆಯರಾಗಲಿ. ಅಲ್ಲಾಹನು ಅನುಗ್ರಹಿಸಲಿ, ಆಮೀನ್.