ದೇವರು ಆಟಕ್ಕೆ ಬಂದಾಗ

ಸಕಲೇಶಪುರ, ಆಲೂರು ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೋ ಹೇಳೋಕಾಗಲ್ಲ. ಆ ಹೊತ್ತಿಗೆಂದು ಮನೆ ಮಕ್ಕಳಿಗೆ ಒಂದು ಆಟ ಕಟ್ಟುತ್ತಿದ್ದೇನೆ. ಈಜಿಪ್ಟಿನ ಹಳೆಯ ದೇವರುಗಳ ಪಾತ್ರ ಹಾಕಿ, ದಾಳ ಉರುಳಿಸಿ ಕತೆ ಮುಂದುವರಿಸಬೇಕು. "ಯಾರ ದೇವರಾದ್ರೂ ದೇವರೇ. ಆಟಕ್ಕೆ ಇಡ್ತೀಯಾ?" ಅಂತ ಅಜ್ಜಿ ಕೇಳಿದರು.

ಉತ್ತರಕ್ಕೆ ದೂರ ಹೋಗಬೇಕಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ದೇವರ ಚಿತ್ರವಿರುವ ಹಲವು ಗಂಜೀಫಾ ಆಟ ರೂಪಿಸಿದ್ದರು. ಅವರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಭಾಗದಲ್ಲಿ ವಿವರವಿದೆ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ಎಲೆ. ರೂಢಿಯಂತೆ ಹಗಲಲ್ಲಿ ರಾಮನ ರಾಜ ಎಲೆ ಇದ್ದವರು ಆಟ ಶುರುಮಾಡುತ್ತಾರೆ, ರಾತ್ರಿ ಕೃಷ್ಣನದ್ದು ಇದ್ದವರು. ರಾಮ ಸೂರ್ಯವಂಶ, ಕೃಷ್ಣ ಚಂದ್ರವಂಶ. ಪುರಾಣವೇ ಆಟದ ನಿಯಮವಾಗಿದೆ.

ಈಜಿಪ್ಟಿನ ಸೂರ್ಯದೇವ ರಾ ಹಗಲು ದೋಣಿಯಲ್ಲಿ ಆಕಾಶ ದಾಟಿ, ರಾತ್ರಿ ಪಾತಾಳದಲ್ಲಿ ಅಪೆಪ್ ಎಂಬ ಸರ್ಪವನ್ನು ಎದುರಿಸುತ್ತಾನೆ. ಅವನನ್ನು ಬರೀ ಹೊಡೆದಾಡುವ ಹೀರೋ ಮಾಡಿದರೆ ಹೆಸರಷ್ಟೇ ಉಳಿಯುತ್ತೆ. ಹಾಗಾಗಿ ನಮ್ಮ ಆಟದಲ್ಲಿ ಕತ್ತಲಾದರೆ ರಾ ದೇವರ ಬಲ ಕುಗ್ಗುತ್ತೆ. ಎಲ್ಲರೂ ಸೇರಿ ದೋಣಿಯನ್ನು ಬೆಳಗಿನತನಕ ಮುಟ್ಟಿಸಬೇಕು. ಒಬ್ಬರೇ ಗೆಲ್ಲೋಕಾಗಲ್ಲ.

ನಮ್ಮೂರ ದೇವರನ್ನು ಆಟಕ್ಕೆ ತರುವ ಧೈರ್ಯ ನನಗಿನ್ನೂ ಇಲ್ಲ. ತರುವುದಾದರೆ, ಆ ದೇವರು ಊರಿಗೆ ಏನು ಮಾಡುತ್ತೆ ಅಂತ ಹಿರಿಯರನ್ನು ಮೊದಲು ಕೇಳಬೇಕು. ಚಿತ್ರ ಆಮೇಲೆ ಬರೆದರಾಯಿತು.